ಶನಿವಾರದ ಇಳಿಜಾರು

ಇದಕ್ಕೆ ಜಲಪಾತ ಅಂತ ಹೆಸರಿಟ್ಟವನು
ನನ್ನ ಪರದೆ ನೋಡಿರಲಿಕ್ಕಿಲ್ಲ.
ಇಲ್ಲಿ ಏನೂ ಧುಮುಕುವುದಿಲ್ಲ.
ಕಡುನೀಲಿ ಪಟ್ಟಿಯೊಂದು, ಹೀಯುಮಾ ದ್ವೀಪದ ಡಿಸೆಂಬರಿನ ಹಾಗೆ,
ಬಲದಿಂದ ಎಡಕ್ಕೆ ತೆವಳುತ್ತದೆ.
ಅದರ ಮೇಲೆ ಹಳದಿ ಗೆರೆ,
ಹತ್ತು ನಿಮಿಷಕ್ಕೆ ಒಂದು ಗೇಣು.

ಆ ಗೆರೆ, ತೇವೊ.
ಸಮುದ್ರ ದಾಟಿ, ಕಾಡು ದಾಟಿ, ಸೊದನ್‌ಕ್ಯೂಲಾದಲ್ಲಿ
ಬೆಂಕಿಪೊಟ್ಟಣದಷ್ಟು ಪ್ರೇಷಕ ಅವನದು,
ಸೈಕಲ್ಲಿನ ದೀಪಕ್ಕೂ ಸಾಲದ ವಿದ್ಯುತ್ತು.
ಕಿವಿಗೊಟ್ಟರೆ ಬರೀ ಮರಳು ಜರಡಿ ಹಿಡಿದ ಸದ್ದು.
ತಂತ್ರಾಂಶ ಆ ಸದ್ದನ್ನು ಎಳೆ ಎಳೆಯಾಗಿ ಬಿಡಿಸಿ
ಅದೇ ಎಳೆಯನ್ನು ಮತ್ತೆ ಮತ್ತೆ ಕೂಡಿಸಿ
ಇರುವುದನ್ನು ಹೆಕ್ಕಿ ಕೊಡುತ್ತದೆ.
ಅಕ್ಕಿಯಲ್ಲಿ ಕಲ್ಲು ಆರಿಸುವವರ ತಾಳ್ಮೆ,
ಆದರೆ ತಿರುವುಮುರುವು:
ಇಲ್ಲಿ ಮೊರದ ತುಂಬ ಕಲ್ಲು, ಅಕ್ಕಿ ಒಂದೇ ಕಾಳು.

ಸ್ವರ ಐದು ಹರ್ಟ್ಸ್ ಹತ್ತಿದರೆ ಅಕ್ಷರ,
ಇಳಿದರೆ ನಡುವಿನ ಬಿಡುವು.
ಒಂದು ಚುಕ್ಕೆಗೆ ಆರು ಸೆಕೆಂಡು.
ಅವನು ತನ್ನ ಹೆಸರಿನ ಗುರುತು ಹೇಳಿ ಮುಗಿಸುವಷ್ಟರಲ್ಲಿ
ನನ್ನ ಮೊಟ್ಟೆ ಬೆಂದು ಆರಿರುತ್ತದೆ.

ನಾನು ಓದುತ್ತಿದ್ದದ್ದು ಅಕ್ಷರವನ್ನಲ್ಲ.
ಅಕ್ಷರ ಹನ್ನೊಂದು ವರ್ಷದಿಂದ ಅದೇ.
ಪೆಟ್ಟಿಗೆ ಬೆಚ್ಚಗಾದರೆ ಸ್ವರ ಇಳಿಯುತ್ತದೆ,
ತಣ್ಣಗಾದರೆ ಏರುತ್ತದೆ,
ಒಳಗಿನ ಹರಳಿನ ಹುಟ್ಟುಗುಣ.
ಹಾಗಾಗಿ, ಯಾರೂ ಹೇಳದೆ, ನನಗೆ ಗೊತ್ತು:
ಆರೂ ಕಾಲಿಗೆ ಒಲೆಗೆ ಬೆಂಕಿ ಬೀಳುತ್ತದೆ.
ಏಳಕ್ಕೆ ಬಾಗಿಲು ತೆರೆದು ಯಾರೋ ಸೌದೆಗೆ ಹೋಗುತ್ತಾರೆ,
ಗೆರೆ ಗಕ್ಕನೆ ಮೇಲೆ ಹಾರಿ
ಮೆಲ್ಲನೆ ಕೂರುತ್ತದೆ, ಬೆಚ್ಚಿದ ಕೋಳಿಯ ಹಾಗೆ.
ಶನಿವಾರ ಸಂಜೆ ಉದ್ದನೆಯ ಇಳಿಜಾರು:
ಸೌನಾ. ಗೋಡೆಯಾಚೆ ಕಲ್ಲು ಕಾಯುತ್ತಿದೆ.
ಒಂದು ಶನಿವಾರ ಇಳಿಜಾರು ಎರಡು ಪಟ್ಟು ಉದ್ದವಿತ್ತು.
ನೆಂಟರು.

ಆಕಾಶದಲ್ಲಿ ಉತ್ತರದ ಬೆಳಕು ಎದ್ದ ರಾತ್ರಿ ಮಾತ್ರ
ಗೆರೆ ಒದ್ದೆ ಬಟ್ಟೆಗೆ ಬಿದ್ದ ಮಸಿಯಾಗಿ ಹರಡಿಕೊಳ್ಳುತ್ತಿತ್ತು.
ಎಲ್ಲರೂ ಹೊರಗೆ ನಿಂತು ಹಸಿರು ನೋಡಿ ಬೆರಗಾಗುವಾಗ
ನಾನೊಬ್ಬಳು ಒಳಗೆ ಗೊಣಗುತ್ತಿದ್ದೆ.
ಮರುದಿನ ಹೆಲ್ಟರ್ಮಾ ಬಂದರಿನ ಕಿಂಡಿಯಲ್ಲಿ
ಟಿಕೆಟ್ ಹರಿಯುವ ನನ್ನ ಕೈಗೂ ಸಿಡಿಮಿಡಿ.

ಫೆಬ್ರವರಿಯಲ್ಲಿ ಗೆರೆಯ ತಳ ನೇರವಾಯಿತು,
ಅಡಿಕೋಲಿಟ್ಟು ಎಳೆದ ಹಾಗೆ.
ಬೆಳಗಿಲ್ಲ, ಬಾಗಿಲಿಲ್ಲ, ಶನಿವಾರವಿಲ್ಲ.
ಅಕ್ಷರಗಳು ಮಾತ್ರ ಒಂದೇ ಎತ್ತರದಲ್ಲಿ ಕವಾಯತು ನಡೆಸಿದ್ದವು.
ಮೂರು ದಿನ ತಡೆದು ಪತ್ರ ಬರೆದೆ:
ಮನೆಯಲ್ಲಿ ಎಲ್ಲ ಕ್ಷೇಮವೇ?

ಉತ್ತರದ ತುಂಬ ಹೆಮ್ಮೆ.
ಹರಳಿಗೆ ಈಗ ಅದರದೇ ಪುಟ್ಟ ಒಲೆ, ಟಾಂಪೆರೆಯಿಂದ ತರಿಸಿದ್ದು;
ಹೊರಗೆ ಮೈನಸ್ ಮೂವತ್ತಿರಲಿ, ಒಳಗೆ ಸೌನಾ ಉರಿಯಲಿ,
ಒಂದು ಹರ್ಟ್ಸಿನ ಹತ್ತರಲ್ಲೊಂದು ಪಾಲೂ ಕದಲುವುದಿಲ್ಲ.
ನೋಡಿದೆಯಾ, ಲೇಲೊ?

ನೋಡಿದೆ.
ಅಭಿನಂದನೆ ಅಂತ ಬರೆದೆ. ಬಹಳ ಅಚ್ಚುಕಟ್ಟು, ಅಂತಲೂ.
ಹನ್ನೊಂದು ವರ್ಷ ನಿನ್ನ ಅಡುಗೆಮನೆಯಲ್ಲಿ ಕೂತಿದ್ದೆ ಅಂತ
ಒಮ್ಮೆಯೂ ಮುಖ ಕಾಣದವನಿಗೆ ಹೇಗೆ ಹೇಳುವುದು?

ಆಮೇಲೆ ನನ್ನ ಪ್ರೇಷಕಕ್ಕೆ ಸುತ್ತಿದ್ದ ಉಣ್ಣೆ ಬಿಚ್ಚಿದೆ.
ಹಳೆಯ ಕಾಲುಚೀಲ ಅದು, ಎರಡು ಸುತ್ತು.
ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆದು
ಒಲೆಗೂ ಕಿಟಕಿಗೂ ನಡುವೆ ಇಟ್ಟೆ.
ಇದನ್ನು ಪತ್ರದಲ್ಲಿ ಬರೆಯಲಿಲ್ಲ.

ಏಪ್ರಿಲ್ ಕೊನೆಗೆ ಕಾರ್ಡೊಂದು ಬಂತು, ಎರಡೇ ಸಾಲು.
ಗುರುವಾರ ಸಂಜೆ ನಿನ್ನ ಗೆರೆ ನಾಲ್ಕು ಹರ್ಟ್ಸ್ ಜಾರಿತು.
ಪೆಟ್ಟಿಗೆಗೆ ಏನಾದರೂ ಸುತ್ತು.

ಮತ್ತೆ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ:
ಅಷ್ಟು ಹೊತ್ತು ಏನು ಬೇಯಿಸುತ್ತಿದ್ದೆ?