ಹನ್ನೊಂದನೆಯ ಮೊಳೆ

ಬೀಗದ ಕೈಗಳ ಗೊಂಚಲು ನಾಳೆ ಒಪ್ಪಿಸಬೇಕು.
ಮೂವತ್ತಾರು ವರ್ಷ ಸೊಂಟಕ್ಕೆ ಜೋತು
ಎಷ್ಟೋ ಪ್ಯಾಂಟುಗಳ ಎಡಮಗ್ಗುಲು ಸವೆಸಿದ ಗೊಂಚಲು.
ಹೊಸ ಹುಡುಗನಿಗೆ ಇದು ಬೇಡವಂತೆ,
ಕಾರ್ಡು ತೋರಿಸಿದರೆ ಬಾಗಿಲೇ ಗುರುತು ಹಿಡಿಯುತ್ತದಂತೆ.

ಪ್ರಿನ್ಸಿಪಾಲರು ಕೇಳಿದರು: "ಡೆಸ್ಮಂಡ್,
ನೂರು ವರ್ಷದ ನೆನಪಿನ ಪುಸ್ತಕಕ್ಕೆ
ನೀವೂ ಒಂದು ಪುಟ ಬರೆದುಕೊಡಿ."
ನಾನು ಬಲ್ಬು ಬದಲಿಸುವವನು. ಬರೆದದ್ದೆಂದರೆ
ಬಾಯ್ಲರಿನ ಒತ್ತಡ, ದಿನಕ್ಕೆರಡು ಸಲ, ಪೆನ್ಸಿಲಿನಲ್ಲಿ.
ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ
ಇದನ್ನೂ ಬರೆಯುತ್ತಿದ್ದೇನೆ.

ಮೊದಲಿದು ಹತ್ತಿಗಿರಣಿ ಧಣಿಯ ಮನೆ.
ಯುದ್ಧ ಬಂತು, ಆಸ್ಪತ್ರೆಯಾಯಿತು.
ಈಗ ಹುಡುಗರು ಪಿಸುಗುಡುವ ಲೈಬ್ರರಿಯಲ್ಲಿ
ಕಾಲಿಲ್ಲದವರು ಸಾಲಾಗಿ ಮಲಗಿದ್ದರು.
ಕಾರ್ಪೆಟ್ಟು ಎತ್ತಿದರೆ ಹಲಗೆಯಲ್ಲಿ
ಮಂಚದ ಗಾಲಿ ಕೊರೆದ ಗುಳಿ ಇನ್ನೂ ಇದೆ,
ಬೆರಳಿಟ್ಟು ನೋಡಿದ್ದೇನೆ.
ಆಮೇಲೆ ಹೆಣ್ಣುಮಕ್ಕಳ ಗ್ರಾಮರ್ ಶಾಲೆ:
ಬೂದು ಲಂಗ, ಮೊಣಕಾಲಿಗೆ ಅಳತೆಗೋಲು ಹಿಡಿದ ಮಿಸ್ ಥ್ವೇಟ್.
ಎಪ್ಪತ್ತಮೂರರಲ್ಲಿ ಕೌನ್ಸಿಲಿನವರು ಕೈಯೆತ್ತಿದರು,
ಚಿಕ್ಕವರನ್ನು ಆಚೆ ಕಳಿಸಿದರು,
ಗಂಡುಹುಡುಗರನ್ನು ಒಳಗೆ ಬಿಟ್ಟರು.
ಮರುವರ್ಷ ಹೊಸ ಫಲಕ:
ಹಾಮ್‌ರಿಗ್ ಸಿಕ್ಸ್ತ್ ಫಾರ್ಮ್ ಕಾಲೇಜು.
ಹದಿನಾರಕ್ಕೆ ಬಾ, ಹದಿನೆಂಟಕ್ಕೆ ಹೊರಡು.
ಮೀಸೆ ಮೂಡುವಷ್ಟರಲ್ಲಿ ಮುಗಿದುಹೋಗುವ ಊರು.

ಮುಂಬಾಗಿಲ ಓಣಿಯಲ್ಲಿ ಹತ್ತು ಪಟ,
ಹೆಸರು ಮಾಡಿದವರದು.
ಶುಕ್ರವಾರ ಗಾಜು ಒರೆಸುವವನಿಗೆ ಎಲ್ಲರೂ ಒಂದೇ,
ಎಲ್ಲರ ಮೂಗಿನ ಮೇಲೂ ಅದೇ ಧೂಳು.

ನ್ಯಾಯಾಧೀಶೆ ತಹ್ಸೀನ್ ಅಖ್ತರ್.
ಪರೀಕ್ಷೆಯ ಬೆಳಿಗ್ಗೆ ಶೌಚಾಲಯದ ಚಿಲಕ ಹಾಕಿ
ಹೊರಗೆ ಬರಲೊಲ್ಲದೆ ಕೂತಿದ್ದಳು.
ತಿರುಪು ಬಿಚ್ಚಿ ಬಾಗಿಲು ತೆಗೆದವನು ನಾನು.
"ಚಿಲಕ ಕೆಟ್ಟಿತ್ತು ಸಾರ್" ಎಂದೆ. ಕೆಟ್ಟಿರಲಿಲ್ಲ.
ನನ್ನ ಒಂದೇ ಸುಳ್ಳುಸಾಕ್ಷಿ, ಆಕೆಗೆ ಗೊತ್ತು.
ಓಟಗಾರ ಲೀ ಹ್ಯಾಡಿಂಗಮ್, ಕೊರಳಲ್ಲಿ ಪದಕ.
ನಲವತ್ತಮೂರರ ಬಸ್ಸಿನ ಹಿಂದೆ ಕಲಿತ ಓಟ ಅದು,
ಒಂದು ದಿನವೂ ಸಿಗಲಿಲ್ಲ ಬಸ್ಸು.
ಟಿವಿಯಲ್ಲಿ ಮಳೆ ಬರುತ್ತದೆನ್ನುವ ಜಿಲ್ ಎಂಟ್‌ವಿಸಲ್
ಬಿಟ್ಟುಹೋದ ಮೂರು ಕೊಡೆ ನನ್ನ ಕೋಣೆಯಲ್ಲಿವೆ.
ಬಿಷಪ್ಪರು ಸೈಕಲ್ ಶೆಡ್ಡಿನ ಹಿಂದೆ ಬಿಡುತ್ತಿದ್ದ ಹೊಗೆ
ನೆಟ್ಟಗೆ ಆಕಾಶಕ್ಕೇ ಹೋಗುತ್ತಿತ್ತು,
ಆಗಲೇ ನನಗೆ ಅನುಮಾನ.

ಪಟ ಹತ್ತು. ಮೊಳೆ ಹನ್ನೊಂದು.
ಮಂತ್ರಿಯಾಗಿದ್ದವನೊಬ್ಬ ಜೈಲಿಗೆ ಹೋದ ವಾರ
ಕತ್ತಲಾದ ಮೇಲೆ ಇಳಿಸು ಎಂದರು, ಇಳಿಸಿದೆ.
ಹಿಂದಿನ ಗೋಡೆ ಬಿಸಿಲು ಕಾಣದೆ
ಎಳೆಬಟಾಣಿಯ ಹಸಿರಾಗಿಯೇ ಉಳಿದಿತ್ತು.
ಮೊಳೆ ಮಾತ್ರ ಬರಲಿಲ್ಲ. ಗಿರಣಿ ಕಾಲದ ಇಟ್ಟಿಗೆ,
ಕಚ್ಚಿದ್ದನ್ನು ಬಿಡುವುದಿಲ್ಲ.
ಈಗ ಅಲ್ಲಿ ಸಿಕ್ಕ ವಸ್ತು ನೇತುಹಾಕುತ್ತೇನೆ:
ಒಂಟಿ ಕೈಗವಸು, ಮಫ್ಲರು, ಒಮ್ಮೆ ಯಾರದೋ
ಹಲ್ಲಿಗೆ ಹಾಕುವ ತಂತಿ.
ಬಂದು ಒಯ್ಯುತ್ತಾರೆ. ಕೆಲವರು ಬರುವುದಿಲ್ಲ.

ಉಗ್ರಾಣದಲ್ಲಿ ಮೊದಲ ವರ್ಷದ ಹಾಜರಿ ಪುಸ್ತಕವಿದೆ.
ಎಪ್ಪತ್ತನಾಲ್ಕು, ನಲವತ್ತೊಂದನೆಯ ಸಾಲು:
ಡಿ. ಹೆಸ್ಕೆತ್, ಭೌತಶಾಸ್ತ್ರ, ಗಣಿತ, ಫ್ರೆಂಚ್.
ನವೆಂಬರ್ ತನಕ ನೀಲಿ ಗೀರು,
ಆಮೇಲೆ ಅಡ್ಡಡ್ಡ ಒಂದು ಕೆಂಪು ಗೆರೆ.
ಅಪ್ಪನ ಕೈ ಯಂತ್ರಕ್ಕೆ ಸಿಕ್ಕ ವರ್ಷ.
ಹದಿನಾಲ್ಕು ವರ್ಷ ಬಿಟ್ಟು ಅರ್ಜಿ ಹಾಕಿದಾಗ
ಮೊದಲು ಇಲ್ಲಿದ್ದಿರಾ ಎಂದು ಯಾರೂ ಕೇಳಲಿಲ್ಲ,
ನಾನೂ ಹೇಳಲಿಲ್ಲ. ಈಗಲೂ
ಫ್ರೆಂಚ್ ತರಗತಿಯ ಹೀಟರ್ ರಿಪೇರಿ
ಬೇಕೆಂದೇ ನಿಧಾನ ಮಾಡುತ್ತೇನೆ.

ಇದನ್ನು ಪುಸ್ತಕಕ್ಕೆ ಹಾಕಬೇಡಿ. ಹಾಕುವುದಾದರೆ
ಹೊಸ ಹುಡುಗನಿಗೆ ಇಷ್ಟು ತಿಳಿಸಿ:
ಬೆಳಿಗ್ಗೆ ಆರೂವರೆ, ಒತ್ತಡ ಸರಿಯಿದೆ.
ಎರಡನೇ ಮಹಡಿಯ ಮೂರನೇ ಕಿಟಕಿ ಗಾಳಿಗೆ ಬಡಿಯುತ್ತದೆ,
ಯಾವ ಕಾರ್ಡಿಗೂ ಅದು ಬಗ್ಗುವುದಿಲ್ಲ.
ರಟ್ಟು ಮಡಿಸಿ, ಎರಡು ಮಡಿಕೆ, ಕೆಳಗೆ ಸಿಗಿಸಬೇಕು.