ಅಜ್ಜಿಯ ಗಡಿಯಾರ

ಕುವೊಪಿಯೊ ಆಸ್ಪತ್ರೆಯ ನೆಲಮಾಳಿಗೆ.
ತಲೆಯಿಲ್ಲದ, ಕೈಯಿಲ್ಲದ ಪ್ಲಾಸ್ಟಿಕ್ ಮುಂಡ,
ಒಳಗೆ ನೀರು, ನೀರಲ್ಲಿ ಆರು ಗಾಜಿನ ಗೋಲಿ,
ಗೋಲಿಗಳಲ್ಲಿ ಬೆಳಗಿನ ಎಂಟಕ್ಕೆ
ನಾನೇ ಅಳೆದು ತುಂಬಿದ ಟೆಕ್ನೀಶಿಯಂ.

ಹೊಸ ಯಂತ್ರ ನೋಡಿದ್ದೇ ನೂರು ಎಂದಿತು.
ಹಳೆಯದು, ಉರ್ಪೊ ಅದನ್ನು ಅಜ್ಜಿ ಅನ್ನುತ್ತಾನೆ,
ಗೊರಗೊರ ಸುತ್ತಿ, ತಿಣುಕಿ,
ಎಂಬತ್ತೊಂಬತ್ತು ಎಂದಿತು.

‘ಮುದುಕಿಗೆ ಕಣ್ಣು ಮಂಜು’ ಎಂದ ಉರ್ಪೊ.
ಗುಜರಿಯವನ ಚೀಟಿ ಆಗಲೇ ಅವನ ಜೇಬಿನಲ್ಲಿತ್ತು.

ಅಳೆದೆ, ಸುರಿದೆ, ಮತ್ತೆ ಅಳೆದೆ.
ಸೂಜಿಯ ತುದಿಯಲ್ಲಿ ಉಳಿದದ್ದನ್ನೂ ಕಳೆದೆ.
ನಾಳೆ ಇದರಡಿ ಮಲಗುವವನು ಸುಲೊ ಹಿರ್ವೊನೆನ್,
ದೋಣಿ ಕಟ್ಟುವವನು.
ಹಲಗೆ ನೂಲೆಳೆಯಷ್ಟು ತಪ್ಪಿದರೂ
ಕೆರೆ ಒಳಗೆ ಬರುತ್ತದೆ ಎಂದು
ನನಗೇ ಪಾಠ ಹೇಳಿದವನು.

ಮಧ್ಯಾಹ್ನ ರೈ ರೊಟ್ಟಿ ಮುರಿಯುತ್ತ ಗೋಡೆ ನೋಡಿದೆ.
ನಿನ್ನೆ, ಭಾನುವಾರದ ನಸುಕಿನಲ್ಲಿ,
ಇಡೀ ದೇಶ ಮುಳ್ಳನ್ನು
ಒಂದು ಗಂಟೆ ಮುಂದಕ್ಕೆ ತಳ್ಳಿತ್ತು.
ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಕಂಡಷ್ಟನ್ನೇ ಕಂಡಿದ್ದಳು ಪಾಪ,
ಕರಗಿದ ಒಂದು ಗಂಟೆಯನ್ನು
ಇನ್ನೂ ಕೈಯಲ್ಲಿದೆ ಎಂದು ಎಣಿಸಿದ್ದಳು.

ಮುಳ್ಳು ಸರಿಸಿದೆವು. ನೂರು.

ಆದರೂ ಆರನೆಯ ಗೋಲಿ, ಎಲ್ಲಕ್ಕಿಂತ ಚಿಕ್ಕದು,
ಹೊಸದರಲ್ಲೂ ಹಳೆಯದರಲ್ಲೂ ಅರ್ಧವೇ.
ಚಿಕ್ಕದರ ಬೆಳಕು
ಅಕ್ಕಪಕ್ಕದ ನೀರಿಗೆ ಸೋರಿಹೋಗುತ್ತದೆ;
ಅದಕ್ಕೆ ತಿರುಗಿಸುವ ಮುಳ್ಳಿಲ್ಲ.
‘ಎರಡರಿಂದ ಗುಣಿಸು’ ಎಂದು ಅಂಚಿನಲ್ಲಿ
ಪೆನ್ಸಿಲ್ಲಿನಿಂದ ಬರೆದೆ,
ಅಳಿಸಬಹುದಾದ ಹಾಗೆ.

ಉರ್ಪೊ ಚೀಟಿ ಹೊರತೆಗೆದ.
ಹರಿಯಲಿಲ್ಲ.
ಇನ್ನೊಂದು ಮಡಿಕೆ ಮಡಚಿ
ಮತ್ತೆ ಜೇಬಿಗೇ ಇಟ್ಟುಕೊಂಡ.