ಗಳ ಕಟ್ಟೂ ಕೆಲಸ

ಚೌತಿ ಮಂಟಪಕ್ಕಂತ ತಂದಿಟ್ಟ ಗಳ ಇವು,
ಹನ್ನೊಂದು ಫೂಟು, ಗೆಣ್ಣು ಗಟ್ಟಿ.
ಒಂದೆರಡಕ್ಕ ಹ್ವಾದ ವರ್ಷದ ಜರಿ ಕಾಗದ
ಇನ್ನೂ ಅಂಟಿಕೊಂಡೈತಿ.
ಲೋಟಲಿಕರ ಸಾವಕಾರ ಫೋನಿನಾಗ ಅಂದ:
ಯಮನೂರಾ, ಈ ಸಲ ಮಂಟಪ ಇಲ್ಲ, ಬೇಲಿ ಐತಿ.
ದಿನಕ್ಕ ಆರುನೂರು. ಮುಖದ ಬಟ್ಟಿ ಸರಕಾರದ್ದು.

ಸೋಮವಾರ ಬಾಯ್ನಾದಾಗ ಮೂರು ಗಲ್ಲಿ ಮುಚ್ಚಿದೆ.
ಮಂಗಳವಾರ ಮಾಮಲೇದಾರರ ಜೀಪು ಬಂತು:
ವಾಸ್ಕೋ ಪೂರಾ ಮುಚ್ಚೂದೋ, ಗಲ್ಲಿಯಷ್ಟ ಸಾಕೋ,
ಪಣಜಿಯಾಗ ಇನ್ನೂ ಮಾತು ಮುಗದಿಲ್ಲ,
ಅಲ್ಲೀತನಕ ಒಂದು ಬಿಚ್ಚು.
ಬಿಚ್ಚಿದೆ.
ರಾತ್ರಿ ಮತ್ತ ಫೋನು: ಬಿಚ್ಚಿದ್ದು ಯಾರ ಮಾತಿನ ಮ್ಯಾಲೆ?

ಚಾದಂಗಡಿ ಮುಚ್ಚಿತ್ತು, ಟಿವಿ ಮುಚ್ಚಿರಲಿಲ್ಲ.
ಶೆಟರಿನ ಸಂದಿಯಾಗ ಕೇಳಿಸ್ಕೊಂಡೆ:
ಒಬ್ಬಂವ, ಎಲ್ಲಾ ಮುಚ್ಚರಿ ಅಂದ.
ಒಬ್ಬಂವ, ಬಂದರ ನಿಂತರ ಉಣ್ಣೂದೇನು ಅಂದ.
ಒಬ್ಬಾಕಿ, ಹೋಟೆಲಿನವರ ಬಾಡಗಿ ಯಾರು ಕಟ್ಟತಾರ ಅಂದಳು.
ಕೊನೀಗೆ ಒಬ್ಬಂವ ಕನ್ನಡಕ ಒರಸ್ಕೋತ
ಮೆತ್ತಗ ಅಂದ: ಆ ಕಡೆ ಮುಚ್ಚಿದರ ಸಾಕಲ್ಲ.
ಅದಕ್ಕ ಯಾರೂ ಎದುರಾಡಲಿಲ್ಲ.
ಆ ಕಡೆ ಅಂದರ
ನಾವು.

ಇಂಜಿನಿಯರ ಹುಡುಗ ಮೊಬೈಲಿನಾಗ ನಕ್ಷೆ ತೋರಿಸಿದ.
ಕೆಂಪು ಗೆರಿ ಅವನ ಬೆರಳಷ್ಟು ದಪ್ಪ,
ಬೆರಳಿನ ಬುಡಕ ನಲವತ್ತು ಮನಿ, ಒಂದು ನಳ.
ಗೆರಿ ಒಳಗಿನಿಂದ ಕಟ್ಟಲೋ ಹೊರಗಿನಿಂದ ಕಟ್ಟಲೋ, ಸಾಹೇಬರ?
ಅಂವ ಮ್ಯಾಲಿನವರಿಗೆ ಫೋನ್ ಹಚ್ಚಿದ.
ಮ್ಯಾಲಿನವರು ಸಭಾದಾಗ ಇದ್ದರು.
ಹುಲಗೆವ್ವ ಎರಡು ಖಾಲಿ ಕೊಡ ಹಿಡಕೊಂಡು
ನನ್ನ ಮುಖ ನೋಡತಿದ್ದಳು,
ನಾನೇ ಮ್ಯಾಲಿನಾಂವ ಅನ್ನೂಹಂಗ.
ಕೆಳಗಿನ ಗಳ ಕಟ್ಟಲಿಲ್ಲ ನಾನು.
ಬಗ್ಗಿದರ ಒಂದು ಕೊಡ ಪಾರಾಗತೈತಿ.
ಲೆಕ್ಕದಾಗ ಬರದೆ: ಗಳ ಕಡಿಮಿ ಬಿತ್ತು.

ಎಂಟನೇ ದಿನ ಹೊಸ ಕಾಗದ, ಹೊಸ ಸೀಲು.
ಓದಿ ಹೇಳಂದೆ. ಸಾವಕಾರ ಓದಿದ, ಸುಮ್ಮನಾದ.
ನಮ್ಮ ಗಲ್ಲಿ.

ಮೂವತ್ತು ವರ್ಷ ಹಗ್ಗ ಹಿಡದ ಕೈ ಇದು,
ದೇವರಿಗೆ, ಲಗ್ನಕ್ಕ, ಇಲೆಕ್ಷನ್ನಿಗೆ ಕಟ್ಟೈತಿ.
ಯಾವತ್ತೂ ಕೇಳಿರಲಿಲ್ಲ ತನ್ನನ್ನ ತಾನು,
ಕೊನೀ ಗಂಟು ಹಾಕೂವಾಗ
ಎತ್ತಾಗ ನಿಂತಿರಬೇಕಂತ.
ಹೊರಗ ನಿಂತರ ನಾಳೆ ಮಾಪ್ಸಾದಾಗ ಪಗಾರ.
ಒಳಗ ದುರುಗವ್ವ, ಎರಡು ದಿನದಿಂದ ಮೈ ಬಿಸಿ,
ಯಾರಿಗೂ ಹೇಳಬ್ಯಾಡ ಅಂದಾಳ.
ಹೇಳದ ಇರೂದು ಹೆಂಗ, ಹೇಳಿದರ
ಆ ಕನ್ನಡಕದಾಂವ ಗೆದ್ದಂಗ.

ಸಾವಕಾರ ಕೂಗಿದ: ಹೊರಗ ಬಾರೋ ಯಮನೂರಾ, ಹೊತ್ತಾತು,
ನಾಳೆ ಆದೇಶ ಬದಲಾದರೂ ಬದಲಾದೀತು.
ನಾ ಬಗ್ಗಿ ಒಳಗ ಬಂದೆ.
ಗಂಟು ಹಾಕಿದೆ, ಜೀರುಗುಣಿಕಿ,
ಎಳದರ ಬಿಚ್ಚೂ ತುದಿ
ನಮ್ಮ ಕಡೆ.

ಬೆಳಗ್ಗೆ ಪೊದೇರ ಸೈಕಲ್ಲಿನ ಭೋಂಗಾ ಒತ್ತಿದ.
ಗಳದ ಮ್ಯಾಲಿಂದ ಆರು ಪಾವು ಇಸಗೊಂಡೆ,
ನರ್ಸಬಾಯಿಗೆ ಹೇಳಿ ಕಳಸು ಅಂದೆ, ನಮ್ಮ ಮನಿ ನಂಬರು ಕೊಟ್ಟೆ.
ಜರಿ ಕಾಗದ ಬಿಸಲಿಗೆ ಮಿಂಚತಿತ್ತು.
ಪಣಜಿಯಾಗ ಹನ್ನೊಂದಕ್ಕ
ಮತ್ತ ಸಭಾ ಐತಂತ.